ಸೇಠುಗಳೇ ಅಚ್ಚು ಹಾಕಿದ ಚಿನ್ನ
ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ್ದು 1848ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸರ್ಕಾರಿ ಟಂಕಸಾಲೆ ಬಾಗಿಲು ತೆರೆದದ್ದು 1854ರಲ್ಲಿ. ಅಲ್ಲಿಯವರೆಗೆ ಅಂಗಡಿಯವರು ಚಿನ್ನದ ಪುಡಿಯನ್ನೇ ಚಿಟಿಕೆ ಲೆಕ್ಕದಲ್ಲಿ ಪಡೆಯುತ್ತಿದ್ದರು (ದಪ್ಪ ಬೆರಳಿನವನಿಗೆ ಹಬ್ಬ!). ಸುಂಕ ಕಟ್ಟಲು ಮಾತ್ರ ನಾಣ್ಯವೇ ಬೇಕು. ರಾಜ್ಯಗಳು ನಾಣ್ಯ ಅಚ್ಚು ಹಾಕಬಾರದೆಂದ ಅಮೆರಿಕದ ಸಂವಿಧಾನ, ಖಾಸಗಿಯವರ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ಅಷ್ಟು ಸಂದು ಸಾಕಾಯಿತು. ಮೊಫ್ಯಾಟ್, ಬಾಲ್ಡ್‌ವಿನ್ ಮುಂತಾದ ಕಂಪನಿಗಳು ತಮ್ಮದೇ ಹೆಸರಿನ ಚಿನ್ನದ ನಾಣ್ಯ ಹೊರಡಿಸಿದವು. 1851ರಲ್ಲಿ ಸರ್ಕಾರದ ಪರೀಕ್ಷಕ ಆಗಸ್ಟಸ್ ಹಂಬರ್ಟ್ ಒರೆಗೆ ಹಚ್ಚಿದಾಗ ಬಾಲ್ಡ್‌ವಿನ್ ನಾಣ್ಯಗಳಲ್ಲಿ ಶೇ. 3ರಷ್ಟು ಚಿನ್ನ ಕಡಿಮೆ! ಸುದ್ದಿ ಹಬ್ಬಿ, ಜನ ಅವನ್ನು ಮುಟ್ಟದಾದರು; ಬಹುಪಾಲು ಮೂಸೆಗೆ ಬಿದ್ದು ಕರಗಿದವು. ತಮಾಷೆಯೆಂದರೆ, ಕರಗದೆ ಉಳಿದ ಬೆರಳೆಣಿಕೆಯ ಆ ಕಳ್ಳತೂಕದ ನಾಣ್ಯಗಳಿಗೇ ಇಂದು ಹರಾಜಿನಲ್ಲಿ ಚಿನ್ನದ ಬೆಲೆಯ ಹತ್ತಾರು ಪಟ್ಟು ಹಣ ಸುರಿಯುತ್ತಾರೆ.