ಹೊಸ ಕಾರು, ನೂರು ಕಾರ್ಣಿಕ

ನಮ್ಮ ದೇವರಗುಡ್ಡದಾಗ ಗೊರವಯ್ಯನ ಕಾರ್ಣಿಕ ಒಂದೇ ಸಾಲು. ಹೊಸ ಕಾರು ತಗೊಳ್ಳೋರಿಗೆ ಸಿಗೋ ಸಲಹೆ ಮಾತ್ರ ನೂರು! "ಮುಂದ ಗಾರ್ಡ್ ಹಾಕ್ಸೋ, ಗಟ್ಟಿ ಇರ್ತೈತಿ" ಅಂದ್ರು, ನಮ್ಮ ಕಾಕಾ ಹಾಕಿಸಿಕೊಂಡೇ ಪೂಜೆಗೆ ತಂದ್ರು. ಈಗ ಗುಂಡಿ ಬಂದ್ರೆ ಸಾಕು, ಗಡಗಡ ಸದ್ದು.

ಸದ್ದು ಹೋಗಲಿ. ಈ ಗಾರ್ಡ್ ಬೇಡ ಅಂತ ಕೇಂದ್ರ ಸರ್ಕಾರ 2017ರಲ್ಲೇ ಹೇಳಿದೆ. ಢಿಕ್ಕಿಯಾದರೆ ಎದುರು ನಡೆದು ಬರೋರಿಗೂ ಅಪಾಯ, ಒಳಗೆ ಕೂತೋರಿಗೂ ಅಪಾಯ.

ಇನ್ನು ರಿಯಾಯಿತಿ. 2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದು ಸರ್ಕಾರ ಇಳಿಸಿದ್ದು, ಶೋರೂಮಿನ ಉಡುಗೊರೆ ಅಲ್ಲ. "ನೀವೆಷ್ಟು ಬಿಡ್ತೀರಿ?" ಅಂತ ಬ್ಯಾರೆ ಕೇಳ್ರಿ. "ಅದರ ಬದಲು ಆಕ್ಸೆಸರೀಸ್ ಫ್ರೀ" ಅಂದ್ರೆ ಒಪ್ಪಬ್ಯಾಡ್ರಿ, ರೊಕ್ಕ ಬಿಲ್ಲಿನಲ್ಲೇ ಕಡಿಮೆಯಾಗಲಿ.

ಕಾಕಾನ ಗಾರ್ಡೂ "ಫ್ರೀ"ನೇ ಇತ್ತು.