ಕಾಡುಬಾತುಗಳ ಬೇಟೆಯ ಅವಧಿಯೂ ಮಿತಿಯೂ

ಚಳಿಗಾಲದ ದಿನಗಳಲ್ಲಿ ಕೆರೆಗಳ ಆಸುಪಾಸಿನ ಗ್ರಾಮಗಳಿಗೆ ಸರ್ಕೀಟು ಹೋದಾಗ ಜಮೀನುದಾರರು ನನ್ನ ಮುಂದಿಡುವ ದೂರುಗಳಲ್ಲಿ ಕಾಡುಬಾತುಗಳ ದೂರೊಂದು ತಪ್ಪದೆ ಇರುವುದು. ಹೋದ ಚಳಿಗಾಲದಲ್ಲಿ ಗದಗಿನ ಕಡೆಯ ಒಂದು ಗ್ರಾಮದಲ್ಲಿ ಹಿರಿಯ ಜಮೀನುದಾರರೊಬ್ಬರು ನನ್ನನ್ನು ತಮ್ಮ ಕಡಲೆಯ ಹೊಲಕ್ಕೆ ಕರೆದೊಯ್ದು, ಪಟ್ಟೆತಲೆಯ ಹೆಬ್ಬಾತುಗಳ ಹಿಂಡು ಮೇದುಹೋದ ಜಾಗವನ್ನು ತೋರಿಸಿದರು. ಎಳೆಯ ಗಿಡಗಳ ತುದಿಯೆಲ್ಲ ಕತ್ತರಿಯಿಟ್ಟಂತೆ ಹೋಗಿದ್ದಿತು. "ಸಾಹೇಬರೆ, ಅಮೆರಿಕದಲ್ಲಿ ಒಂದು ಜಾತಿಯ ಬಾತನ್ನು ದಿನಕ್ಕೆ ಒಂದರಂತೆ ಹೊಡೆಯಬಹುದಾಗಿದ್ದುದನ್ನು ಈಗ ಮೂರಕ್ಕೆ ಏರಿಸಿದ್ದಾರಂತೆ; ನನ್ನ ಮೊಮ್ಮಗ ಓದಿ ಹೇಳಿದ. ನಮಗೆ ವರ್ಷದಲ್ಲಿ ಎರಡು ತಿಂಗಳಾದರೂ ಕೋವಿ ಎತ್ತಲು ಸರಕಾರದವರು ಏಕೆ ಅಪ್ಪಣೆ ಕೊಡಬಾರದು?" ಎಂದು ಅವರು ಕೇಳಿದರು.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ತರವಲ್ಲ. ಬೆಳೆ ಕಳೆದುಕೊಂಡವನು ಕೇಳುವ ಪ್ರಶ್ನೆಯಿದು. ಅಲ್ಲದೆ ಅವರೆಂದ ಸಂಗತಿಯೂ ನಿಜವೇ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 2025-26ರ ಬೇಟೆಯ ಕಾಲಕ್ಕೆ ಸೂಜಿಬಾಲದ ಬಾತಿನ ದಿನದ ಮಿತಿಯನ್ನು ಒಂದರಿಂದ ಮೂರಕ್ಕೆ ಏರಿಸಿದರು. ಈ ಬಾತು ನಮಗೆ ಅಪರಿಚಿತವಾದುದಲ್ಲ. ಉತ್ತರದ ಶೀತದೇಶಗಳಲ್ಲಿ ಮೊಟ್ಟೆಯಿಟ್ಟು ಮರಿಮಾಡುವ ಇದೇ ಜಾತಿಯ ಬೇರೆ ಹಿಂಡುಗಳು ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವುವು. ಉದ್ದನೆಯ ಕತ್ತು, ಮೊನಚಾದ ಬಾಲ, ಗಂಡಿಗೆ ಕಂದುಬಣ್ಣದ ತಲೆ. ನೋಡಿದವರು ಮರೆಯುವ ಹಕ್ಕಿಯಲ್ಲ. ಹಾಗಿರಲು ಆ ದೇಶದಲ್ಲಿ ಮಿತಿಯನ್ನು ಏರಿಸಿದ್ದು ಹೇಗೆ, ಯಾವ ಆಧಾರದ ಮೇಲೆ ಎಂಬುದನ್ನು ತಿಳಿದಮೇಲೆ ನಮ್ಮಲ್ಲಿ ಬೇಟೆಯನ್ನು ತೆರೆಯಬಹುದೋ ಬಾರದೋ ಎಂಬುದನ್ನು ವಿಚಾರಿಸುವುದು ಯುಕ್ತ.

ಆ ದೇಶದಲ್ಲಿಯೂ ಮೊದಲು ಹಕ್ಕಿಗಳನ್ನು ಲೆಕ್ಕವಿಲ್ಲದೆ ಹೊಡೆದು ಪೇಟೆಗಳಲ್ಲಿ ಮಾರುತ್ತಿದ್ದರು. 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ನಿನೊಡನೆ ಒಪ್ಪಂದವಾಗಿ, 1918ರಲ್ಲಿ ವಲಸೆಹಕ್ಕಿಗಳ ಕಾಯಿದೆ ಜಾರಿಗೆ ಬಂದಿತು. ಆಗ ಗೊತ್ತುಮಾಡಿದ ಮಿತಿ ದಿನಕ್ಕೆ 25 ಬಾತುಗಳು. 1930ರ ದಶಕದ ಬರಗಾಲಗಳಲ್ಲಿ ಜೌಗುಗಳು ಒಣಗಿ ಹಕ್ಕಿಗಳು ತೀರ ಕಡಿಮೆಯಾದುದರಿಂದ 1935ರಲ್ಲಿ ಬೇಟೆಯ ಅವಧಿಯನ್ನು 30 ದಿನಗಳಿಗೆ, ಮಿತಿಯನ್ನು 10ಕ್ಕೆ ಇಳಿಸಿದರು. ಕಾಳು ಚೆಲ್ಲಿ ಹಕ್ಕಿಗಳನ್ನು ಸೆಳೆಯುವುದನ್ನೂ, ಸಾಕಿದ ಬಾತುಗಳನ್ನು ನೀರಿನಲ್ಲಿ ಬಿಟ್ಟು ಕಾಡುಬಾತುಗಳನ್ನು ಕರೆಯಿಸುವುದನ್ನೂ ಅದೇ ವರ್ಷ ನಿಷೇಧಿಸಿದರು.

ಈಗಿನ ಏರ್ಪಾಡು ಹೀಗಿದೆ. ಹಕ್ಕಿಗಳು ಹಾರಿಬರುವ ನಾಲ್ಕು ಹಾದಿಗಳನ್ನು ಗುರುತಿಸಿ ಒಂದೊಂದಕ್ಕೂ ಬೇರೆಬೇರೆ ನಿಯಮಗಳನ್ನು ಪ್ರತಿವರ್ಷವೂ ಮಾಡುವರು. ಮಿಸಿಸಿಪಿ ನದಿಯ ಹಾದಿಯಲ್ಲಿ 60 ದಿನ, ದಿನಕ್ಕೆ 6 ಬಾತು. ಆ ಆರರಲ್ಲಿ ಹಸುರುತಲೆಯ ಬಾತುಗಳು ನಾಲ್ಕನ್ನು, ಅವುಗಳಲ್ಲಿ ಹೆಣ್ಣು ಎರಡನ್ನು ಮೀರಕೂಡದು. ಶಾಂತಸಾಗರದ ಹಾದಿಯಲ್ಲಿ 107 ದಿನ, ದಿನಕ್ಕೆ 7. ಕೇಂದ್ರದವರು ಮೊದಲು ತಮ್ಮ ಸೂಚನೆಗಳನ್ನು ಪ್ರಕಟಿಸಿ ಜನರ ಅಭಿಪ್ರಾಯವನ್ನು ಕೇಳುವರು. ಅನಂತರ ಒಂದೊಂದು ಸಂಸ್ಥಾನವೂ ಆ ಮಿತಿಯೊಳಗೆ ತನ್ನ ದಿನಗಳನ್ನು ಆರಿಸಿಕೊಳ್ಳಬಹುದು. ಇನ್ನೂ ಬಿಗಿಮಾಡುವ ಅಧಿಕಾರವುಂಟು, ಸಡಿಲಿಸುವ ಅಧಿಕಾರವಿಲ್ಲ.

ಇಷ್ಟನ್ನೇ ನೋಡಿದರೆ ಇದು ಕಾಗದದ ಮೇಲೆ ಬರೆದ ಅಂಕೆಗಳಂತೆ ತೋರುವುದು. ಆದರೆ ಇದರ ಹಿಂದಿರುವ ದುಡಿಮೆಯನ್ನು ನೋಡಬೇಕು. 1955ನೆಯ ಇಸವಿಯಿಂದ ಪ್ರತಿವರ್ಷವೂ ವಸಂತದಲ್ಲಿ, ಹಕ್ಕಿಗಳು ಗೂಡುಕಟ್ಟುವ ಅಲಾಸ್ಕ, ಕೆನಡಾ ಮತ್ತು ಉತ್ತರದ ಸಂಸ್ಥಾನಗಳ ಮೇಲೆ ವಿಮಾನಗಳಲ್ಲಿ ತಗ್ಗಾಗಿ ಹಾರುತ್ತ ಬಾತುಗಳನ್ನೂ ನೀರಿರುವ ಹೊಂಡಗಳನ್ನೂ ಎಣಿಸುತ್ತಾರೆ. 2020, 2021ರ ಸಾಂಕ್ರಾಮಿಕದ ವರ್ಷಗಳಲ್ಲಿ ಮಾತ್ರ ಇದು ನಿಂತಿತ್ತು. ಬೇಟೆಗಾರರಲ್ಲಿ ಕೆಲವರನ್ನು ಆರಿಸಿ, ಅವರು ಹೊಡೆದ ಹಕ್ಕಿಯ ಒಂದು ರೆಕ್ಕೆಯನ್ನು ಟಪಾಲಿನಲ್ಲಿ ತರಿಸಿಕೊಂಡು, ಜಾತಿ ಯಾವುದು, ಗಂಡೋ ಹೆಣ್ಣೋ, ಆ ವರ್ಷದ ಮರಿಯೋ ಹಳೆಯದೋ ಎಂದು ನಿಪುಣರು ಕುಳಿತು ವಿಂಗಡಿಸುತ್ತಾರೆ. ಬೇಟೆಗಾರನು 1934ರಲ್ಲಿ ಆರಂಭವಾದ ಬಾತಿನ ಸ್ಟಾಂಪನ್ನು ಕೊಳ್ಳಲೇಬೇಕು. ಮೊದಲು ಒಂದು ಡಾಲರಿದ್ದ ಅದರ ಬೆಲೆ ಈಗ 25 ಡಾಲರು. ಅದರ ಪ್ರತಿ ಡಾಲರಿನಲ್ಲಿ 98 ಸೆಂಟು ಜೌಗುಭೂಮಿಗಳನ್ನು ಕೊಳ್ಳುವುದಕ್ಕೂ ಗೇಣಿಗೆ ಪಡೆಯುವುದಕ್ಕೂ ಹೋಗುವುದು. ಈ ಬಗೆಯಾಗಿ ರಕ್ಷಿಸಿದ ನೆಲ 60 ಲಕ್ಷ ಎಕರೆಗೂ ಮೇಲ್ಪಟ್ಟಿದೆ. ಸೀಸದ ಚರೆಗಳನ್ನು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದುದರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ.

ಇನ್ನು ಸೂಜಿಬಾಲದ ಬಾತಿನ ಕಥೆಗೆ ಬರೋಣ. ಬೇಸಾಯಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು. 1950ರ ದಶಕದಲ್ಲಿ ಈ ಬಾತುಗಳ ಎಣಿಕೆ ಒಂದು ಕೋಟಿಯ ಸಮೀಪಕ್ಕೆ ಏರಿದ್ದುದುಂಟು. 2022ರ ಎಣಿಕೆಯಲ್ಲಿ ಅವು ಸುಮಾರು 18 ಲಕ್ಷಕ್ಕೆ ಇಳಿದವು. 1980ರ ದಶಕದ ಬರಗಳಲ್ಲಿ ಎಲ್ಲ ಬಾತುಗಳೂ ಕಡಿಮೆಯಾಗಿ, 1990ರ ದಶಕದಲ್ಲಿ ಮಳೆ ಚೆನ್ನಾದಮೇಲೆ ಮಿಕ್ಕ ಜಾತಿಗಳಲ್ಲಿ ಹೆಚ್ಚಿನವು ಚೇತರಿಸಿಕೊಂಡವು; ಇದು ಮಾತ್ರ ಚೇತರಿಸಲಿಲ್ಲ. ದಿನಕ್ಕೆ ಒಂದೇ ಎಂಬ ಮಿತಿಯನ್ನು ಎಷ್ಟೋ ವರ್ಷ ನಡೆಸಿದರೂ ಹಿಂದಿನ ಸಂಖ್ಯೆ ಮರಳಲಿಲ್ಲ.

ಕಾರಣವನ್ನು ಹುಡುಕಿದಾಗ ಅದು ಬಹುಮಟ್ಟಿಗೆ ನೇಗಿಲಿನಲ್ಲಿ ಸಿಕ್ಕಿತು. ಈ ಬಾತು ವಸಂತದ ಆರಂಭದಲ್ಲಿಯೇ ಬಂದು, ಎತ್ತರವಾದ ಹುಲ್ಲನ್ನು ಅರಸದೆ, ಹಿಂದಿನ ವರ್ಷದ ಗೋಧಿಯ ಕೂಳೆಯಿರುವ ಬಯಲು ಹೊಲದಲ್ಲಿ ನೆಲದ ಮೇಲೆಯೇ ಏಳೆಂಟು ಮೊಟ್ಟೆಗಳನ್ನಿಡುವುದು. ಮೊದಲು ಕೆನಡಾದ ರೈತರು ಒಂದು ವರ್ಷ ಬೆಳೆದು ಒಂದು ವರ್ಷ ನೆಲವನ್ನು ಬೀಳುಬಿಡುತ್ತಿದ್ದರು. ಈಗ ವರ್ಷವರ್ಷವೂ ಬೆಳೆಯುವ ಪದ್ಧತಿ ಬಲಿತಿರುವುದರಿಂದ, ಬಾತು ಕಾವಿಗೆ ಕುಳಿತಿರುವಾಗಲೇ ಉಳುಮೆಯೂ ಬಿತ್ತನೆಯೂ ನಡೆದು ಗೂಡುಗಳು ಮಣ್ಣಿನೊಳಗೆ ಹೋಗುತ್ತವೆ. ಶರತ್ಕಾಲದಲ್ಲಿಯೇ ಬಿತ್ತುವ ಗೋಧಿಯ ಹೊಲಗಳಲ್ಲಿ ವಸಂತದ ಉಳುಮೆಯಿಲ್ಲದಿರುವುದರಿಂದ ಗೂಡುಗಳು ಉಳಿಯುವುವೆಂದು ಕಂಡು, ಅಂಥ ಬಿತ್ತನೆಗೆ ರೈತರನ್ನು ಪ್ರೋತ್ಸಾಹಿಸುವ ಕೆಲಸ ಅಲ್ಲಿ ನಡೆದಿದೆ.

ಕೋವಿಯಿಂದಾಗುವ ನಷ್ಟವು ತಾವು ಹಿಂದೆ ಎಣಿಸಿದ್ದಷ್ಟು ದೊಡ್ಡದಲ್ಲವೆಂದು ಇಷ್ಟು ವರ್ಷಗಳ ಲೆಕ್ಕದಿಂದ ತಿಳಿದ ಬಳಿಕವೇ ಅವರು ಮಿತಿಯನ್ನು ಮೂರಕ್ಕೆ ಏರಿಸಿದ್ದು. ಅದೂ ಪರೀಕ್ಷಾರ್ಥವಾಗಿ, ಎಣಿಕೆಯು ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದರೆ ಆ ಜಾತಿಯ ಬೇಟೆಯನ್ನು ನಿಲ್ಲಿಸಿಬಿಡುವ ನಿಯಮವೂ ಜೊತೆಯಲ್ಲಿಯೇ ಇದೆ. ಹಕ್ಕಿಗಳು ಹೆಚ್ಚಾಗಿವೆಯೆಂದು ಮಿತಿಯನ್ನು ಏರಿಸಿದರೆಂಬುದಾಗಿ ನಮ್ಮ ಕಡೆ ಹಬ್ಬಿರುವ ತಿಳಿವಳಿಕೆ ಸರಿಯಲ್ಲ. ಈ ಏರಿಕೆಯನ್ನು ನಾನು ಪೂರ್ತಿಯಾಗಿ ಮೆಚ್ಚಿದವನೆಂದೂ ಹೇಳಲಾರೆ. ಹಿಂದಿನ ಸಂಖ್ಯೆಯ ಐದನೆಯ ಒಂದು ಪಾಲು ಮಾತ್ರ ಉಳಿದಿರುವ ಹಕ್ಕಿಗೆ ಒಮ್ಮೆಗೇ ಮೂರು ಪಟ್ಟು ಮಿತಿ ಅವಸರದ್ದೆಂದು ನನಗೆ ತೋರುತ್ತದೆ. ಎರಡಕ್ಕೆ ಏರಿಸಿ ನೋಡಬಹುದಾಗಿತ್ತು. ಆದರೂ ತಪ್ಪಾದರೆ ಮರುವರ್ಷವೇ ಅದನ್ನು ಕಂಡುಹಿಡಿಯುವ ಸಾಧನ ಅವರ ಕೈಯಲ್ಲಿದೆ.

ನಮ್ಮ ದೇಶದಲ್ಲಿ ಬೇಟೆಯ ಅವಧಿ, ಮಿತಿ ಎಂಬುವು ಹೊಸ ಮಾತುಗಳಲ್ಲ. 1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ರಕ್ಷಣೆಯ ಕಾಯಿದೆಯಲ್ಲಿ ಬಾತುಗಳೂ ಸೇರಿದ್ದು, ಬೇಟೆಗೆ ನಿಷಿದ್ಧವಾದ ಕಾಲವನ್ನು ಗೊತ್ತುಪಡಿಸುವ ಅಧಿಕಾರ ಸರಕಾರಕ್ಕಿದ್ದಿತು. ಆದರೆ ಅದೇ ಕಾಲದಲ್ಲಿ, 1938ರಲ್ಲಿ, ಭರತಪುರದ ಜೌಗಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋರವರ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಬಿದ್ದವು. ಆ ಅಂಕೆಯನ್ನು ಅಲ್ಲಿಯೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಮೊದಲು ಲೈಸೆನ್ಸು ಪಡೆದು ಸಣ್ಣ ಬೇಟೆಯಾಡಲು ಅವಕಾಶವಿದ್ದು, 1991ರ ತಿದ್ದುಪಡಿಯಿಂದ ಅದು ರದ್ದಾಯಿತು. ಅದಕ್ಕೆ ಹಿಂದೆ, ನಾನು ಚಿಕ್ಕವನಾಗಿದ್ದಾಗ, ನಮ್ಮ ಬಂಧುಗಳೊಬ್ಬರು ಕೆರೆಯ ಏರಿಯ ಮೇಲಿಂದ ಬಾತುಗಳಿಗೆ ಈಡು ಹೊಡೆಯುತ್ತಿದ್ದುದನ್ನು ನೋಡಿದ್ದೇನೆ. ಆ ಮಾಂಸವನ್ನು ತಿಂದೂ ಇದ್ದೇನೆ. ಬಿದ್ದವುಗಳನ್ನು ಒಬ್ಬರೂ ಎಣಿಸಲಿಲ್ಲ; ಗಾಯಗೊಂಡು ಜೊಂಡಿನೊಳಗೆ ಸೇರಿ ಸತ್ತವನ್ನಂತೂ ಎಣಿಸುವ ಬಗೆಯೇ ಇರಲಿಲ್ಲ.

ಈ ಸ್ಥಿತಿಯಲ್ಲಿ ಎರಡು ತಿಂಗಳ ಅವಧಿಯನ್ನು ಮತ್ತೆ ತೆರೆಯಬೇಕೆಂಬ ಬೇಡಿಕೆಗೆ ನನ್ನ ಒಪ್ಪಿಗೆಯಿಲ್ಲ. ನಮ್ಮಲ್ಲಿರುವ ಎಣಿಕೆಯೆಂದರೆ ಮುಖ್ಯವಾಗಿ 1987ರಿಂದ ಜನವರಿ ತಿಂಗಳಲ್ಲಿ ಸ್ವಯಂಸೇವಕರು ಆಯ್ದ ಕೆರೆಗಳಲ್ಲಿ ನಡೆಸಿಕೊಂಡು ಬಂದಿರುವ ನೀರುಹಕ್ಕಿಗಳ ಗಣತಿ. ಅದು ಬಹಳ ಬೆಲೆಯುಳ್ಳ ಕೆಲಸವಾದರೂ, ಯಾವ ಜಾತಿಯಲ್ಲಿ ಎಷ್ಟನ್ನು ಕೊಂದರೆ ಮರುವರ್ಷಕ್ಕೆ ಕೊರತೆಯಾಗದೆಂದು ಅದರಿಂದ ಹೇಳಲು ಬಾರದು. ಪಟ್ಟೆತಲೆಯ ಹೆಬ್ಬಾತು ಮರಿಮಾಡುವುದು ಮಂಗೋಲಿಯ, ಟಿಬೆಟ್ಟುಗಳಲ್ಲಿ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಹಕ್ಕಿಗಳು ನಮ್ಮ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಅಲ್ಲಿ ಈ ವರ್ಷ ಎಷ್ಟು ಮರಿಗಳು ಎದ್ದವೆಂಬುದನ್ನು ತಿಳಿಯದೆ ಇಲ್ಲಿ ದಿನಕ್ಕೆ ಎರಡೆಂದೋ ನಾಲ್ಕೆಂದೋ ಬರೆಯುವುದು ಕಣಜವನ್ನು ನೋಡದೆ ಬಿತ್ತನೆಯ ಬೀಜವನ್ನು ದಾನಮಾಡಿದಂತಾದೀತು. ಹೆಬ್ಬಾತುಗಳು ಹೆಚ್ಚಾಗಿ ತಂಗುವ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಂತೂ 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದೆ.

ಇನ್ನೊಂದು ಮಾತು. ಬೇಟೆಗೆ ಅಪ್ಪಣೆ ದೊರೆತರೂ ಬೆಳೆ ಉಳಿಯುವುದೆಂಬ ಭರವಸೆಯಿಲ್ಲ. ಷಿಕಾರಿಯವನು ಹಗಲಿನಲ್ಲಿ ಕೆರೆಯ ಬಳಿಗೆ ಹೋಗುವನೇ ಹೊರತು ರಾತ್ರಿ ನಿಮ್ಮ ಹೊಲವನ್ನು ಕಾಯಲಾರನು. ಕೆರೆಯಿಂದ ಎಬ್ಬಿಸಲ್ಪಟ್ಟ ಹಿಂಡು ಚೆದುರಿ, ಅದುವರೆಗೆ ಮೇಯದಿದ್ದ ಹೊಲಗಳಿಗೆ ಇಳಿಯುವ ಸಂಭವವೇ ಹೆಚ್ಚು.

ಹಾಗಾದರೆ ನಷ್ಟಪಟ್ಟವನು ಏನು ಮಾಡಬೇಕು? ಕಡಲೆ, ಗೋಧಿಗಳು ಎಳೆಯದಾಗಿರುವ ಎರಡು ಮೂರು ವಾರಗಳೇ ಅಪಾಯದ ಕಾಲ. ಹೆಬ್ಬಾತು ಬಹಳ ಶಂಕೆಯ ಹಕ್ಕಿ. ಸಂಜೆ ಕತ್ತಲಾಗುವಾಗಲೂ ಬೆಳಗಿನ ಜಾವದಲ್ಲಿಯೂ ಹೊಲದಲ್ಲಿ ಜನರ ಓಡಾಟವಿದ್ದು ತಮಟೆಯ ಸದ್ದು ಕೇಳಿದರೆ ಇಳಿಯಲು ಹಿಂಜರಿಯುವುದು. ಅಕ್ಕಪಕ್ಕದ ಹಿಡುವಳಿದಾರರು ಸರದಿಯಂತೆ ಕಾವಲಿಟ್ಟರೆ ಖರ್ಚು ಹಗುರವಾಗುವುದು. ಹೊಳೆಯುವ ಪಟ್ಟಿಗಳನ್ನು ಕಟ್ಟುವುದರಿಂದ ಮೊದಲ ಕೆಲವು ದಿನ ಗುಣವಿರುತ್ತದೆ, ಜಾಗವನ್ನು ಬದಲಾಯಿಸದಿದ್ದರೆ ಹಕ್ಕಿಗಳು ಅದಕ್ಕೆ ಹೊಂದಿಕೊಳ್ಳುವುವು. ಮೊಳಕೆಬತ್ತವನ್ನು ಚೆಲ್ಲಿದ ಗದ್ದೆಗೆ ಶಿಳ್ಳೆಬಾತುಗಳು ಬೀಳುವ ಕಡೆಗಳಲ್ಲಿ ರಾತ್ರಿಯ ಹೊತ್ತು ನೀರನ್ನು ಬಸಿದಿಡುವುದು ಲೇಸು.

ಧಾನ್ಯಕ್ಕೆ ಕೀಟನಾಶಕವನ್ನು ಬೆರೆಸಿ ಎರಚುವ ಉಪಾಯವನ್ನು ಯಾರೂ ಮಾಡಕೂಡದು. ಅದನ್ನು ನಮ್ಮ ಇಲಾಖೆಯಿಂದ ಬೆಳೆಗೆಂದು ಸೂಚಿಸಿದ ಔಷಧಿಯಿಂದಲೇ ಮಾಡುತ್ತಾರೆಂಬುದು ನನಗೆ ಬಹಳ ನಾಚಿಕೆಯ ಸಂಗತಿ. ಸತ್ತ ಬಾತನ್ನು ಎತ್ತಿಕೊಂಡು ಹೋಗಿ ಬೇಯಿಸುವ ಬಡವನ ಮನೆಯ ಗತಿಯೇನು? ಕಾಡುಬಾತನ್ನು ಕೊಂದರೆ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ 3 ವರ್ಷಗಳವರೆಗೆ ಸೆರೆಮನೆಯೂ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಆಗಬಹುದು. ಹೆಚ್ಚಿನ ರಕ್ಷಣೆಯುಳ್ಳ ಜಾತಿಗಳಿಗೆ ಶಿಕ್ಷೆ ಇನ್ನೂ ಕಠಿಣ. ನಿಜವಾಗಿ ತಡೆಯಲಾರದ ನಷ್ಟವಾಗುತ್ತಿದ್ದರೆ ಅದೇ ಕಾಯಿದೆಯ 11ನೆಯ ಪ್ರಕರಣದಲ್ಲಿ ದಾರಿಯಿದೆ. ಎರಡನೆಯ ಅನುಸೂಚಿಗೆ ಸೇರಿದ ಪ್ರಾಣಿಪಕ್ಷಿಗಳು ನಿಂತ ಬೆಳೆಗೆ ಅಪಾಯಕಾರಿಯಾದಾಗ, ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣವನ್ನು ಬರೆದು ಲಿಖಿತ ಅಪ್ಪಣೆಯನ್ನು ಕೊಡಬಹುದು. ಆದರೆ ಆಧಾರವಿಲ್ಲದ ಅರ್ಜಿಯ ಮೇಲೆ ಯಾವ ಅಧಿಕಾರಿಯೂ ಹೀಗೆ ಬರೆಯಲಾರರು.

ಕೆರೆಯಂಗಳವನ್ನು ಉತ್ತು ಬಿತ್ತುವವರಿಗೂ ಇಲ್ಲಿ ಹೇಳುವುದೊಂದಿದೆ. ವರ್ಷವಿಡೀ ನಮ್ಮಲ್ಲಿಯೇ ಇರುವ ಚುಕ್ಕೆಕೊಕ್ಕಿನ ಬಾತು ಮಳೆಗಾಲದಲ್ಲಿ ನೀರಿನಂಚಿನ ಹುಲ್ಲಿನೊಳಗೆ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಕೆರೆಯಂಗಳ ಒತ್ತುವರಿಯಾದ ಕಡೆ ಆ ಹುಲ್ಲಿಗೆ ಏನಾಗುವುದೆಂಬುದನ್ನು ಕೆನಡಾದ ಗೋಧಿಯ ಹೊಲಗಳ ಸಂಗತಿಯನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿನ ರೈತನು ಉತ್ತದ್ದು ತನ್ನ ಹೊಲವನ್ನು. ಇಲ್ಲಿ ಉಳುವುದು ಊರಿನ ಕೆರೆಯನ್ನು.

ಗದಗಿನ ಕಡೆಯ ಆ ಹಿರಿಯರಿಗೆ ನಾನು, "ಗೌಡರೆ, ನಿಮ್ಮ ಹೊಲದಲ್ಲಿ ಹಾಳಾದುದೆಷ್ಟೆಂದು ಬರೆದಿಟ್ಟಿದ್ದೀರಾ?" ಎಂದು ಕೇಳಿದೆನು. ಇಲ್ಲವೆಂದರು. ಅಂದೇ ಇಬ್ಬರೂ ಹಗ್ಗ ಹಿಡಿದು ಅಳೆದೆವು. ಎರಡು ಎಕರೆ ಹಾಳಾಗಿದೆಯೆಂದು ಅವರು ತಿಳಿದಿದ್ದುದು ಹದಿನೇಳು ಗುಂಟೆಗೆ ನಿಂತಿತು. ಹದಿನೇಳು ಗುಂಟೆಯೂ ನಷ್ಟವೇ. ಈ ವರ್ಷ ಗ್ರಾಮದ ಮುಖಂಡರು ತಮ್ಮ ಗ್ರಾಮದ ಮಟ್ಟಿಗೆ ಒಂದು ಪುಸ್ತಕವನ್ನಿಟ್ಟು, ಸರ್ವೆ ನಂಬರು, ಬೆಳೆ, ಬಿತ್ತಿದ ತಾರೀಖು, ಹಕ್ಕಿಗಳು ಇಳಿದ ತಾರೀಖು ಮತ್ತು ಹೊತ್ತು, ಕಂಡ ಜಾತಿ, ಅಳೆದ ನಷ್ಟ, ಇವನ್ನು ಅಂದಂದೇ ಬರೆಯಿಸಿ, ಮಾರ್ಚಿ ತಿಂಗಳ ಕೊನೆಯೊಳಗೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಂದು ನಕಲನ್ನು ಕಳುಹಿಸಬೇಕಾಗಿ ಕೋರುತ್ತೇನೆ. ಜನವರಿಯ ಗಣತಿಗೆ ಬರುವವರಿಗೆ ಕೆರೆಯ ದಾರಿಯನ್ನು ತೋರಿಸಲು ಊರಿನವರೊಬ್ಬರು ಜೊತೆಗೆ ಹೋದರೆ, ಅವರ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಬಹುದು.