ಬೆಂಡು ಮುಳುಗಿತು, ಕಸುಬು ತೇಲಿತು

ಮೀನಿನ ಬಲೆಗೂ ಟೆನಿಸ್ ಆಟಕ್ಕೂ ಏನು ಸಂಬಂಧ? ಮೇಲುನೋಟಕ್ಕೆ ಏನೂ ಇಲ್ಲ. ಆದರೆ ಟೆನಿಸ್ ರ‍್ಯಾಕೆಟ್‌ಗಳಿಗೆ ಜಗತ್ತಿನಲ್ಲೆಲ್ಲ ಹೆಸರಾಗಿರುವ ಜಪಾನಿನ ಯೋನೆಕ್ಸ್ ಕಂಪನಿಯ ಚರಿತ್ರೆ ಶುರುವಾಗುವುದು ಮೀನಿನ ಬಲೆಯಿಂದಲೇ. ಒಂದೇ ಸರಕನ್ನು ನಂಬಿ ಬದುಕುವ ಊರಿನವರು, ಅಂದರೆ ನಮ್ಮ ಹಟ್ಟಿಯಂಥ ಗಣಿ ಊರಿನವರು, ಈ ಚರಿತ್ರೆಯನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಮಿನೋರು ಯೋನೆಯಾಮ ಎಂಬ ತರುಣ ಜಪಾನಿನ ನೀಗಾತ ಪ್ರಾಂತದಲ್ಲಿ ಒಂದು ಸಣ್ಣ ಕಾರ್ಖಾನೆ ತೆರೆದ. ಅಲ್ಲಿ ತಯಾರಾಗುತ್ತಿದ್ದುದು ಮೀನಿನ ಬಲೆಗೆ ಕಟ್ಟುವ ಮರದ ಬೆಂಡು. ಬಲೆಯ ಮೇಲಂಚು ನೀರಿನಲ್ಲಿ ಮುಳುಗದಂತೆ ತೇಲಿಸಿ ಹಿಡಿಯುವುದು ಈ ಬೆಂಡಿನ ಕೆಲಸ. ಹಗುರ ಮರವಿದ್ದರೆ ಸಾಕು, ಉಳಿದದ್ದನ್ನು ಆರ್ಕಿಮಿಡೀಸನ ತತ್ತ್ವ ನೋಡಿಕೊಳ್ಳುತ್ತದೆ. ವ್ಯಾಪಾರವೇನೋ ನಡೆಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಬೆಂಡು ಬಂತು. ಅದು ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ. ಮರದ ಬೆಂಡನ್ನು ಕೇಳುವವರೇ ಇಲ್ಲದಂತಾಯಿತು.

ಸರಕು ಹೋಯಿತು, ನಿಜ. ಆದರೆ ಮರವನ್ನು ಅಳತೆಗೆ ಕೊಯ್ದು, ನಯಮಾಡುವ ಕೈಗಳು ಹಾಗೆಯೇ ಉಳಿದಿದ್ದವು. ಆ ಕಾಲಕ್ಕೆ ಬ್ಯಾಡ್ಮಿಂಟನ್ ರ‍್ಯಾಕೆಟ್ ಮರದ್ದೇ. ಯೋನೆಯಾಮ 1957ರಲ್ಲಿ ಬೇರೆ ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುವ ರ‍್ಯಾಕೆಟ್‌ಗಳನ್ನು ಮಾಡಿಕೊಡತೊಡಗಿದ. 1961ರಲ್ಲಿ ತನ್ನದೇ ಹೆಸರಿನ ರ‍್ಯಾಕೆಟ್ ಹೊರತಂದ. ಬೆಂಡಿನ ಪಾಠವನ್ನು ಮಾತ್ರ ಅವನು ಮರೆಯಲಿಲ್ಲ. ಹೊಸ ವಸ್ತು ಬಂದು ತನ್ನನ್ನು ಹೊಡೆಯುವ ಮೊದಲು ತಾನೇ ಅದನ್ನು ಹಿಡಿಯಬೇಕೆಂದು ನಿಶ್ಚಯಿಸಿದ. 1960ರ ದಶಕ ಮುಗಿಯುವ ಹೊತ್ತಿಗೆ ಅವನ ಬ್ಯಾಡ್ಮಿಂಟನ್ ರ‍್ಯಾಕೆಟ್ ಅಲ್ಯೂಮಿನಿಯಮ್ಮಿನದಾಗಿತ್ತು. 1971ರಲ್ಲಿ ಟೆನಿಸ್ ರ‍್ಯಾಕೆಟ್ ಬಂತು, ಅದೂ ಅಲ್ಯೂಮಿನಿಯಮ್ಮಿನದೇ. ಮುಂದೆ ಕಾರ್ಬನ್ ಎಳೆಯ ಸರದಿ. ಯೋನೆಯಾಮ ಎಂಬ ಹೆಸರೇ 1970ರ ದಶಕದಲ್ಲಿ ಯೋನೆಕ್ಸ್ ಆಯಿತು.

ಮರ ಏಕೆ ಸೋತಿತು ಎಂಬುದನ್ನು ಸ್ವಲ್ಪ ನೋಡೋಣ. ಹಳೆಯ ಮರದ ಟೆನಿಸ್ ರ‍್ಯಾಕೆಟ್ ಸುಮಾರು 370ರಿಂದ 400 ಗ್ರಾಂ ತೂಗುತ್ತಿತ್ತು. ತಂತಿ ಬಿಗಿದ ಮುಖದ ವಿಸ್ತಾರ ಸುಮಾರು 65 ಚದರ ಅಂಗುಲ. ಮಳೆಗಾಲದ ತೇವಕ್ಕೆ ಅದು ಸೊಟ್ಟಗಾಗುತ್ತಿದ್ದುದರಿಂದ ಆಟ ಮುಗಿದ ಮೇಲೆ ಮರದ ಚೌಕಟ್ಟಿನಲ್ಲಿ ಸಿಕ್ಕಿಸಿ ತಿರುಪು ಬಿಗಿದಿಡಬೇಕಿತ್ತು. ಮುಖವನ್ನು ದೊಡ್ಡದು ಮಾಡೋಣವೆಂದರೆ ಒಂದೊಂದು ತಂತಿಯೂ ಸುಮಾರು 25 ಕಿಲೋ ಬಲದಿಂದ ಚೌಕಟ್ಟನ್ನು ಒಳಕ್ಕೆ ಎಳೆಯುತ್ತದೆ. ಅಂಥ ಮೂವತ್ತಕ್ಕೂ ಹೆಚ್ಚು ಎಳೆತಗಳನ್ನು ದೊಡ್ಡ ಮರದ ಬಳೆ ತಡೆಯಬೇಕಾದರೆ ಅದನ್ನು ಎತ್ತಲಾರದಷ್ಟು ದಪ್ಪ ಮಾಡಬೇಕು. ಲೋಹಕ್ಕೆ ಈ ಕಷ್ಟವಿಲ್ಲ. 1976ರಲ್ಲಿ ಅಮೆರಿಕದ ಹೋವರ್ಡ್ ಹೆಡ್ ಪ್ರಿನ್ಸ್ ಕಂಪನಿಗಾಗಿ ದೊಡ್ಡ ಮುಖದ ಅಲ್ಯೂಮಿನಿಯಮ್ ರ‍್ಯಾಕೆಟ್ ತಂದು ಆಟದ ರೀತಿಯನ್ನೇ ಬದಲಿಸಿದ. ಕಾರ್ಬನ್ ಎಳೆಯಂತೂ ಲೋಹಕ್ಕಿಂತ ಹಗುರ, ತೂಕಕ್ಕೆ ಹೋಲಿಸಿದರೆ ಅದರ ಬಿಗುವು ಇನ್ನೂ ಹೆಚ್ಚು. ಇಂದಿನ ರ‍್ಯಾಕೆಟ್ 300 ಗ್ರಾಂ ತೂಗಿಯೂ 100 ಚದರ ಅಂಗುಲದ ಮುಖ ಹೊತ್ತಿರುವುದು ಅದರ ಬಲದಿಂದ.

ಇಲ್ಲಿ ಯೋನೆಕ್ಸ್ ತನ್ನದೊಂದು ಯುಕ್ತಿ ಸೇರಿಸಿತು. ಮೊಟ್ಟೆಯಾಕಾರದ ಮುಖದಲ್ಲಿ ನಡುವಿನ ತಂತಿ ಉದ್ದ, ಅಂಚಿನ ತಂತಿ ಗಿಡ್ಡ. ಗಿಡ್ಡ ತಂತಿ ಹೆಚ್ಚು ಬಗ್ಗದು. ಅಲ್ಲಿ ಚೆಂಡು ತಾಗಿದರೆ ಪುಟಿತ ಕಡಿಮೆ, ಕೈಗೆ ಜುಮ್ಮೆನ್ನುವ ಪೆಟ್ಟು ಹೆಚ್ಚು. ಮುಖದ ಮೇಲ್ಭಾಗವನ್ನು ತುಸು ಚೌಕ ಮಾಡಿದರೆ? ಅಂಚಿನ ತಂತಿಗಳೂ ಉದ್ದವಾಗುತ್ತವೆ, ಚೆಂಡು ಚೆನ್ನಾಗಿ ಪುಟಿಯುವ ಜಾಗ ಹಿಗ್ಗುತ್ತದೆ. 1980ರ ಸುಮಾರಿಗೆ ಬಂದ ಈ ಆಕಾರಕ್ಕೆ ಐಸೊಮೆಟ್ರಿಕ್, ಅಂದರೆ ಸಮ ಅಳತೆಯದು, ಎಂದು ಹೆಸರು. ಮಾರ್ಟಿನಾ ನವ್ರಾಟಿಲೋವಾ 1980ರ ದಶಕದಲ್ಲಿ ಯೋನೆಕ್ಸ್ ಹಿಡಿದು ವಿಂಬಲ್ಡನ್ ಗೆದ್ದರು. ಬಳಿಕ ಮೋನಿಕಾ ಸೆಲೆಸ್, ಸ್ಟಾನ್ ವಾವ್ರಿಂಕಾ, ನವೋಮಿ ಒಸಾಕಾ, 2022ರ ವಿಂಬಲ್ಡನ್ ಗೆದ್ದ ಎಲೆನಾ ರೈಬಾಕಿನಾ ಎಲ್ಲರ ಕೈಯಲ್ಲೂ ಅದೇ ಹೆಸರು.

ಕಂಪನಿಯ ಟೆನಿಸ್ ರ‍್ಯಾಕೆಟ್‌ಗಳಲ್ಲಿ ಮುಖ್ಯವಾದವು ಮೂರು ಬಗೆ. ಹೊಡೆತಕ್ಕೆ ಸುಲಭವಾಗಿ ಬಿರುಸು ಬೇಕೆನ್ನುವವರಿಗೆ ಈಜೋನ್, ಚೆಂಡನ್ನು ತಿರುಗಿಸಿ ಹೊಡೆಯುವವರಿಗೆ ವೀಕೋರ್, ಗುರಿ ಕಟ್ಟಿ ಆಡುವವರಿಗೆ 2023ರಲ್ಲಿ ಬಂದ ಪರ್ಸೆಪ್ಟ್. ಇವುಗಳ ಜತೆಗೆ ಪಾಲಿ ಟೂರ್ ತಂತಿ, ಪವರ್ ಕುಶನ್ ಬೂಟು, ಚೀಲ ಇತ್ಯಾದಿ. ಆದರೆ ನಮ್ಮ ಕಡೆಯ ಹುಡುಗರಿಗೆ ಹೆಚ್ಚು ಪರಿಚಿತವಾದದ್ದು ಡಬ್ಬಿಯಲ್ಲಿ ಬರುವ ಮೇವಿಸ್ ಹೆಸರಿನ ನೈಲಾನ್ ಷಟಲ್. ನೈಲಾನ್ ಕೂಡ ಪ್ಲಾಸ್ಟಿಕ್ ಬಳಗದ್ದೇ ಅಲ್ಲವೆ? ಯಾವುದು ಬೆಂಡನ್ನು ಮುಳುಗಿಸಿತೋ ಅದನ್ನೇ ಯೋನೆಯಾಮನ ಕಂಪನಿ ಊರೂರಿಗೆ ಮಾರಿತು. 2016ರಲ್ಲಿ ಅದರ ಭಾರತೀಯ ಶಾಖೆ ಬೆಂಗಳೂರಿನಲ್ಲಿಯೂ ನೆಲೆಯೂರಿತು. ಯೋನೆಯಾಮ 2019ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಹಟ್ಟಿಗೆ ಬರೋಣ. ಇಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆ ಕೆಲವು ಗ್ರಾಮಿನ ಮೇಲೆ ಅಂಗಡಿ, ಶಾಲೆ, ಬಾಡಿಗೆ ಮನೆ ಎಲ್ಲವೂ ನಿಂತಿವೆ. ಕೋಲಾರದ ಚಿನ್ನದ ಗಣಿಯೂ ಹೀಗೆಯೇ ಇತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನದ ಬೆಲೆ ಏರಿದಾಗ ಗಣಿಗೆ ಆಯುಷ್ಯ ಹೆಚ್ಚಬಹುದು, ಹೊಸ ಅದಿರೂ ಸಿಗಬಹುದು. ಆದರೆ ತೆಗೆದ ಅದಿರು ಮತ್ತೆ ಬೆಳೆಯುವುದಿಲ್ಲ.

ರ‍್ಯಾಕೆಟ್ ಮಾಡುವವನು ಮರ ಬಿಟ್ಟು ಕಾರ್ಬನ್ ಹಿಡಿಯಬಹುದು, ಗಣಿಯವನು ಏನು ಹಿಡಿಯಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರದ ಒಂದು ತುಣುಕು ಕೋಲಾರದಲ್ಲೇ ಇದೆ. ಅಲ್ಲಿನ ಆಳದಲ್ಲಿ ಬಂಡೆಗಳು ಸಿಡಿದು ಜೀವಹಾನಿಯಾಗುತ್ತಿತ್ತು. ಅದನ್ನು ಅಳೆದು ಅರಿತ ವಿದ್ಯೆಯ ಆಧಾರದ ಮೇಲೆ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಗಣಿ ಮುಚ್ಚಿದ ಮೇಲೂ ಸುರಂಗ, ಅಣೆಕಟ್ಟುಗಳಿಗೆ ಆ ವಿದ್ಯೆ ಬೇಕಾಯಿತು. ಹಟ್ಟಿಯವರ ಕೈಯಲ್ಲೂ ಬಂಡೆ ಕೊರೆಯುವ, ಪಂಪು ನಡೆಸುವ, ಬೆಸುಗೆ ಹಾಕುವ, ಅದಿರು ಪರೀಕ್ಷಿಸುವ ಕಸುಬು ಬೇಕಾದಷ್ಟಿದೆ. ಅದನ್ನು ಮುಂದಿನ ಪೀಳಿಗೆಗೆ ಶಾಸ್ತ್ರಬದ್ಧವಾಗಿ ಕಲಿಸಿ ಬೇರೆ ಕೆಲಸಕ್ಕೂ ಒದಗುವಂತೆ ಮಾಡುವುದಾದರೆ, ಗಣಿ ನಡೆಯುತ್ತಿರುವಾಗಲೇ ಮಾಡಬೇಕು. ಯೋನೆಯಾಮ ಎಚ್ಚೆತ್ತದ್ದು ಬೆಂಡಿನ ವ್ಯಾಪಾರ ಕೈಬಿಟ್ಟ ಮೇಲೆ. ಹಟ್ಟಿಗೆ ಇನ್ನೂ ಸಮಯವಿದೆ.